ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಓದುಗರ ಪತ್ರ: ನಮ್ಮ ತಂಡದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ನಿಲ್ಲುವುದು ರಾಕ್ಷಸರಿಂದಲ್ಲ, ನಿಯಮಗಳಿಂದ. ಮೊದಲು ಏಟು ತಗುಲಿತೇ ಎಂದು ಲೆಕ್ಕ ಹಾಕುವ ಥ್ಯಾಕೋ, ಆಮೇಲೆ 3.5 ಆವೃತ್ತಿಯ ಗ್ರ್ಯಾಪಲ್, ಈಗ ಐದನೆಯ ಆವೃತ್ತಿಗೆ ಬಂದರೂ ಬೆನ್ನು ಬಿಡದ, ಪಾತ್ರಗಳು ಹೊತ್ತ ಹೊರೆಯ ಲೆಕ್ಕ. ಮೊನ್ನೆ ಸಾವಿರ ಚಿನ್ನದ ನಾಣ್ಯ ಸಿಕ್ಕಾಗ ತೂಕ ಕೂಡುವುದರಲ್ಲೇ ಅರ್ಧ ಗಂಟೆ ಹೋಯಿತು. ಆಡಲು ಕೂತಿದ್ದೇವೋ, ಉಗ್ರಾಣದ ಲೆಕ್ಕ ಬರೆಯಲೋ? ಈ ನಿಯಮ ಕಿತ್ತುಹಾಕಿ ಎಂದು ನೀವಾದರೂ ಬರೆಯಬಾರದೇ? ಅಂದ ಹಾಗೆ, ಆಟ ನಡೆಸುವ ನಾನು ಒಬ್ಬ ಆಟಗಾರನಿಗೆ ಬ್ಯಾಗ್ ಆಫ್ ಹೋಲ್ಡಿಂಗ್, ಅಂದರೆ ತುಂಬಿದರೂ ಭಾರವಾಗದ ಮಾಯಾ ಚೀಲ, ಕೊಟ್ಟುಬಿಟ್ಟಿದ್ದೇನೆ. ವಾಪಸ್ ಪಡೆಯುವ ದಾರಿ ಇದೆಯೇ?

ಸಂಪಾದಕರ ಉತ್ತರ: ನಿಮ್ಮ ಮೂರು ದೂರುಗಳಲ್ಲಿ ಒಂದನ್ನು ಚರ್ಚೆಯಿಲ್ಲದೆ ಒಪ್ಪುತ್ತೇನೆ. 3.5ರ ಗ್ರ್ಯಾಪಲ್ ನಿಜಕ್ಕೂ ಕಾಟವೇ. ಎದುರಾಳಿಯನ್ನು ತಬ್ಬಿ ಹಿಡಿಯಲು ಹೋದವನಿಗೆ ಮೊದಲು ಆ ಎದುರಾಳಿಯಿಂದಲೇ ಒಂದು ಪುಕ್ಕಟೆ ಏಟು. ಅದು ತಗುಲಿ ಗಾಯವಾದರೆ ಪ್ರಯತ್ನ ಅಲ್ಲಿಗೇ ಮುಗಿಯಿತು. ತಪ್ಪಿಸಿಕೊಂಡರೆ ಬರೀ ಮುಟ್ಟಲು ಒಂದು ಡೈಸ್, ಅಂದರೆ ಟಚ್ ಅಟ್ಯಾಕ್, ಅದು ಗೆದ್ದರೆ ಇಬ್ಬರೂ ಡೈಸ್ ಹಾಕುವ ಪೈಪೋಟಿ, ಅದರಲ್ಲಿ ಗಾತ್ರದ ಒಂದೊಂದು ಮೆಟ್ಟಿಲಿಗೂ 4ರ ವ್ಯತ್ಯಾಸ, ಕೊನೆಗೆ ಅವನ ಚೌಕದೊಳಗೆ ನುಗ್ಗುವಾಗ ಅಕ್ಕಪಕ್ಕದವರಿಂದ ಮತ್ತೆ ಏಟು. ಇಷ್ಟಾಗುವ ಹೊತ್ತಿಗೆ ಉಳಿದವರು ಮೊಬೈಲ್ ನೋಡುತ್ತಿರುತ್ತಾರೆ. 2014ರಲ್ಲಿ, ಐದನೆಯ ಆವೃತ್ತಿಯಲ್ಲಿ, ಇದನ್ನು ಒಂದೇ ಪೈಪೋಟಿಗೆ ಇಳಿಸಿದರು, ಪುಣ್ಯ ಬಂತು. ಥ್ಯಾಕೋ ಮಾತ್ರ ಹೆಸರು ಕೆಡಿಸಿಕೊಂಡ ಪಾಪದ ಪ್ರಾಣಿ. ನಿಮ್ಮ ಥ್ಯಾಕೋ 17 ಇದ್ದರೆ ಅದರಲ್ಲಿ ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ರಕ್ಷಣೆಯ ಅಂಕ, 4 ಕಳೆದರೆ 13, ಡೈಸ್‌ನಲ್ಲಿ ಅಷ್ಟು ಬಿದ್ದರೆ ಏಟು. ಆರ್ಮರ್ ಕ್ಲಾಸ್ ಸೊನ್ನೆಗಿಂತ ಕೆಳಗಿಳಿದಾಗ ಕೂಡುವುದೋ ಕಳೆಯುವುದೋ ಎಂದು ತಡವರಿಸುತ್ತಿದ್ದುದು ನಿಜ. 2000ದಲ್ಲಿ ಅದೂ ಹೋಯಿತು.

ಆದರೆ ಹೊರೆಯ ವಿಷಯದಲ್ಲಿ ನೀವು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೀರಿ.

ನಿಮ್ಮ ಆವೃತ್ತಿಯಲ್ಲಿ 50 ನಾಣ್ಯಕ್ಕೆ ಒಂದು ಪೌಂಡ್. ಸಾವಿರ ನಾಣ್ಯ ಎಂದರೆ 20 ಪೌಂಡ್, ಅಷ್ಟೇ. ಹೊರಬಹುದಾದ ಮಿತಿ, ಪಾತ್ರದ ಶಕ್ತಿಯ ಅಂಕವಾದ ಸ್ಟ್ರೆಂತ್‌ನ 15 ಪಟ್ಟು. ಸ್ಟ್ರೆಂತ್ 16 ಇರುವ ಯೋಧನಿಗೆ, ಅಂದರೆ ಫೈಟರ್‌ಗೆ 240 ಪೌಂಡ್. 2014ರ ಪಟ್ಟಿಯಂತೆ ಪ್ಲೇಟ್ ಕವಚ 65, ಗುರಾಣಿ 6, ಲಾಂಗ್‌ಸ್ವೋರ್ಡ್ 3, ಎಕ್ಸ್‌ಪ್ಲೋರರ್ಸ್ ಪ್ಯಾಕ್ 59, ಒಟ್ಟು 133. ಇನ್ನೂ 5,350 ನಾಣ್ಯ ತುಂಬಿಕೊಂಡು ಅದೇ ವೇಗದಲ್ಲಿ ನಡೆಯಬಹುದು! ಈ ಮಿತಿ ಯಾರನ್ನೂ ಮುಟ್ಟುವುದೇ ಇಲ್ಲ. ನಿಮ್ಮ ಅರ್ಧ ಗಂಟೆ ಹೋದದ್ದು ನಿಯಮದಿಂದಲ್ಲ, ಯಾರ ಕ್ಯಾರೆಕ್ಟರ್ ಶೀಟಿನಲ್ಲೂ ಹಳೆಯ ಸಾಮಾನಿನ ಮೊತ್ತ ಇರಲಿಲ್ಲವಾದ್ದರಿಂದ. ನಿಮ್ಮ ಪತ್ರ ಓದಿದರೆ ಹಾಗನ್ನಿಸುತ್ತದೆ, ಕೋಪ ಬೇಡ.

ಈಗ ಇದೇ ಆಟದ 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪುಸ್ತಕಗಳ ಲೆಕ್ಕ ನೋಡಿ. ಅಲ್ಲಿ ತೂಕದ ಅಳತೆಯೇ ನಾಣ್ಯ. ಪ್ಲೇಟ್ ಕವಚ 500, ಗುರಾಣಿ 100, ಕತ್ತಿ 60, ಹಗ್ಗ, ಊಟ, ಮೊಳೆ ಎಲ್ಲ ಚಿಲ್ಲರೆಗೆ ಸೇರಿ 80. ನಮ್ಮ ಫೈಟರ್ ಖಾಲಿ ಕೈಯಲ್ಲೇ 740 ಹೊತ್ತಿದ್ದಾನೆ. 800ರ ತನಕ ಹತ್ತು ನಿಮಿಷದ ಒಂದು ಸರದಿಗೆ 60 ಅಡಿ ನಡೆಯಬಹುದು, ಅದನ್ನು ದಾಟಿದರೆ 30 ಅಡಿ, 1,600 ಮೀರಿದರೆ ಕಾಲೇ ಕೀಳುವಂತಿಲ್ಲ. ಬಾಗಿಲು 240 ಅಡಿ ದೂರ, ಎದುರಿಗೆ ಸಾವಿರ ನಾಣ್ಯದ ಪೆಟ್ಟಿಗೆ. 60 ನಾಣ್ಯ ಜೇಬಿಗೆ ಹಾಕಿಕೊಂಡರೆ ನಾಲ್ಕು ಸರದಿಯಲ್ಲಿ ಹೊರಗೆ. 860 ಹೊತ್ತರೆ ಎಂಟು ಸರದಿ, ನಡುವೆ ವಿಶ್ರಾಂತಿಗೆ ಇನ್ನೊಂದು. ಪಂಜು ಉರಿಯುವುದು ಆರೇ ಸರದಿ, ಎರಡನೆಯದು ಇದೆಯೇ? ಎರಡು ಸರದಿಗೊಮ್ಮೆ ಆಟ ನಡೆಸುವ ಡಂಜನ್ ಮಾಸ್ಟರ್ ಆರು ಮುಖದ ಡೈಸ್ ಹಾಕುತ್ತಾನೆ, 1 ಬಿದ್ದರೆ ಅಲೆಯುವ ರಾಕ್ಷಸ. ಬೇಗ ಹೋದವನಿಗೆ ಅದು ಎದುರಾಗುವ ಸಾಧ್ಯತೆ ಶೇ. 31, ಹೊತ್ತು ಹೋದವನಿಗೆ ಶೇ. 52. ಹಾಗಾದರೆ ನಾಣ್ಯ ಬಿಟ್ಟುಬರಬಾರದೇ? ಬರಬಹುದಿತ್ತು, ಒಂದು ನಾಣ್ಯ ಹೊರಗೆ ತಂದರೆ ಒಂದು ಅನುಭವದ ಅಂಕ ಎಂಬ ನಿಯಮ ಇಲ್ಲದಿದ್ದರೆ. ಎರಡನೆಯ ಹಂತಕ್ಕೆ ಫೈಟರ್‌ಗೆ 2,000 ಬೇಕು. ಕವಚ ಬಿಚ್ಚಿ ಎಸೆದರೆ 560 ನಾಣ್ಯ ಹೊತ್ತೂ 60 ಅಡಿ ನಡೆಯಬಹುದು, ಆದರೆ ಕತ್ತಲಲ್ಲಿ ಬರಿಮೈ. ಇಂಥ ಹೊತ್ತಿನಲ್ಲಿ ತೂಕ ಕೂಡುವುದು ಉಗ್ರಾಣದ ಲೆಕ್ಕ ಅನ್ನಿಸುವುದಿಲ್ಲ. ಮೇಜಿನ ಸುತ್ತ ಜಗಳವೇ ಶುರುವಾಗುತ್ತದೆ, ಆಟ ಅಂದರೆ ಅದೇ.

ಅಲ್ಲಿ ಪಂಜು, ಸರದಿ, ರಾಕ್ಷಸ, ನಾಣ್ಯ, ಹೊರೆ ಒಂದಕ್ಕೊಂದು ಹಲ್ಲು ಕಚ್ಚಿದ ಚಕ್ರಗಳು. ಮುಂದಿನ ಆವೃತ್ತಿಗಳವರು ನಾಣ್ಯಕ್ಕೆ ಅಂಕ ಕೊಡುವುದನ್ನು ಕೈಬಿಟ್ಟರು. ಬೆಳಕು ಕೊಡುವ ಲೈಟ್ ಮಂತ್ರವನ್ನು ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಕ್ಕಟೆ ವಿದ್ಯೆ ಮಾಡಿದರು, ಪಂಜು ಸತ್ತಿತು. ಗುಡ್‌ಬೆರಿಯ ಒಂದು ಮಂತ್ರದ ಹಣ್ಣು ತಿಂದರೆ ದಿನದ ಹಸಿವೆ ಮುಗಿಯಿತು, ಬುತ್ತಿಗಂಟೂ ಸತ್ತಿತು. ಹೊರೆಯ ಚಕ್ರವೊಂದನ್ನು ಮಾತ್ರ ತೆಗೆಯಲು ಮರೆತರು. ಅದು ಒಂಟಿಯಾಗಿ ಕಿರುಗುಟ್ಟುತ್ತದೆ, ನೀವು ಅದಕ್ಕೇ ಬಡಿಯುತ್ತೀರಿ. ಪ್ರಕಾಶಕರ ಈ ಚಾಳಿ ನನಗೆ ಹಿಡಿಸದು. ಅದಕ್ಕಿಂತ ಹಿಡಿಸದ್ದು, ನಿಯಮವನ್ನು ಪೂರ್ತಿ ಓದದೆ ‘ನಮ್ಮ ಮೇಜಿನಲ್ಲಿ ಅದಿಲ್ಲ’ ಎಂದು ಹೆಮ್ಮೆಯಿಂದ ಹೇಳುವುದು. ಹೀಗೆ ಒಂದೊಂದಾಗಿ ಕಿತ್ತವರೇ ಆರು ತಿಂಗಳ ಮೇಲೆ ‘ಆಟದಲ್ಲಿ ಭಯವೇ ಉಳಿದಿಲ್ಲ’ ಎಂದು ಬರೆಯುತ್ತಾರೆ. ಆ ಪತ್ರಗಳೂ ನನ್ನ ಮೇಜಿಗೇ ಬರುವುದು.

ಪೌಂಡ್ ಕೂಡುವುದೇ ಬೇಸರವಾದರೆ ಖಾನೆ ಎಣಿಸಿ. 2023ರ ಶ್ಯಾಡೋಡಾರ್ಕ್ ಎಂಬ ಇನ್ನೊಂದು ಆಟದಲ್ಲಿ ಸ್ಟ್ರೆಂತ್ ಅಥವಾ 10, ಯಾವುದು ಹೆಚ್ಚೋ ಅಷ್ಟು ಖಾನೆ. ಪ್ಲೇಟ್ ಕವಚಕ್ಕೆ 3, ಗುರಾಣಿಗೆ 1, ಪಂಜಿಗೆ ತಲಾ 1, ಮೊದಲ ನೂರು ನಾಣ್ಯ ಬಿಟ್ಟು ಆಮೇಲಿನ ನೂರಕ್ಕೊಂದು. ಪಂಜು ಉರಿಯುವುದು ಗೋಡೆ ಗಡಿಯಾರದ ಒಂದು ಗಂಟೆ. ಚಹಾ ಕುಡಿಯಲು ಎದ್ದರೂ ಅದು ಉರಿಯುತ್ತಲೇ ಇರುತ್ತದೆ. ಶೀಟಿನ ಅಂಚಿನಲ್ಲಿ ಗೆರೆ ಎಳೆದು, ಒಂದು ಗೆರೆಗೆ ಒಂದು ಸಾಮಾನು ಬರೆಸಿ. ಗೆರೆ ಮುಗಿದರೆ ಚೀಲ ತುಂಬಿತು. ಐದನೆಯ ಆವೃತ್ತಿಯ 2014ರ ಪುಸ್ತಕದ ಐಚ್ಛಿಕ ನಿಯಮಕ್ಕೆ ಮಾತ್ರ ಆತುರಪಟ್ಟು ಹಾರಬೇಡಿ. ಅದರಲ್ಲಿ ಸ್ಟ್ರೆಂತ್‌ನ 5 ಪಟ್ಟು ದಾಟಿದೊಡನೆ 10 ಅಡಿ ವೇಗ ಕಡಿತ. ನಮ್ಮ ಫೈಟರ್‌ನ ಮಿತಿ 80, ಹೊತ್ತಿರುವುದು 133. ಮನೆ ಬಿಡುವಾಗಲೇ ಕುಂಟುತ್ತಾನೆ. ಜಗಳ ಶುರುವಾದೊಡನೆ ಪ್ಯಾಕ್ ನೆಲಕ್ಕೆ ಬಿಸಾಡುವುದನ್ನು ರೂಢಿ ಮಾಡಿಸಿದರೆ 74ಕ್ಕೆ ಇಳಿಯುತ್ತದೆ. ಓಡಿಹೋಗುವಾಗ ಅದನ್ನು ಎತ್ತಿಕೊಳ್ಳುವುದೋ ಬಿಡುವುದೋ ಎಂಬುದು ಅವರಿಗೇ ಬಿಟ್ಟಿದ್ದು.

ಇನ್ನು ಆ ಮಾಯಾ ಚೀಲ. ಕೊಟ್ಟದ್ದನ್ನು ಕಿತ್ತುಕೊಳ್ಳಬೇಡಿ, ಕಳ್ಳನನ್ನು ಕಳಿಸುವುದಂತೂ ಬೇಡವೇ ಬೇಡ, ಆಟಗಾರರು ಮರೆಯುವುದಿಲ್ಲ. ಅದರ ವಿವರಣೆಯನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿ. ಒಳಗೆ 500 ಪೌಂಡ್ ಹಿಡಿಸುತ್ತದೆ, ಒಂದು ಸಾಮಾನು ತೆಗೆಯಲು ಒಂದು ಆಕ್ಷನ್, ಅಂದರೆ ಹೋರಾಟದಲ್ಲಿ ಒಂದು ಏಟು ಹಾಕುವಷ್ಟು ಅವಕಾಶ, ಬೇಕು. ಮಿತಿ ಮೀರಿದರೆ, ಹರಿದರೆ, ಚುಚ್ಚಿದರೆ ಚೀಲ ನಾಶವಾಗಿ ಒಳಗಿದ್ದದ್ದೆಲ್ಲ ಆಸ್ಟ್ರಲ್ ಲೋಕದಲ್ಲಿ ಚೆಲ್ಲಿಹೋಗುತ್ತದೆ. ಬರೀ ನಾಣ್ಯವೇ ತುಂಬಿದರೆ 25,000ಕ್ಕೆ ಚೀಲ ಭರ್ತಿ. ಮೊತ್ತ ಬರೆದಿಡುವ ಕೆಲಸ ಅವನದು, ನಿಮ್ಮದಲ್ಲ.