ಶೀಟ್ ಹಾಸುವ ಮುಂಚೆ ಇದನ್ನು ಓದಿ ಅಕ್ಕಾ

ಅಕ್ಕಾ, ಪುಣೆಯ ಬಾಣೇರ್‌ನಲ್ಲಿ ನಿಮ್ಮ ಸೊಸೈಟಿಯವರೆಲ್ಲ ಸೇರಿ ಜೇನು, ಚಿಟ್ಟೆಗೆ ಅಂತ ಭಾನುವಾರ ದೇಸಿ ಗಿಡ ನೆಡುತ್ತಿದ್ದೀರಿ ಅಂತ ನಿಮ್ಮ ಪೋಸ್ಟ್‌ನಲ್ಲಿ ಓದಿ ಖುಷಿಯಾಯಿತು. ಆದರೆ ಫೋಟೋದಲ್ಲಿ ಕಪ್ಪು ವೀಡ್ ಮ್ಯಾಟ್, ಅಂದರೆ ಕಳೆ ಬರದಂತೆ ಮಣ್ಣಿಗೆ ಹಾಸುವ ಶೀಟಿನ ಸುರುಳಿ ನೋಡಿ ಸುಮ್ನೆ ಇರಲಾಗಲಿಲ್ಲ. ದಯವಿಟ್ಟು ಅದನ್ನು ವಾಪಸ್ ಕೊಟ್ಟುಬಿಡಿ.

ಇಲ್ಲೇ ಪುಣೆಯ ಕೋಥ್ರೂಡ್‌ನಲ್ಲಿ ನಾವು ಇದನ್ನೇ ಮಾಡಿದ್ದೆವು. ಕಳೆ ಬರಬಾರದು ಅಂತ ಗೋಡೆ ಬುಡದವರೆಗೂ ಶೀಟ್, ಮೇಲೆ ತೆಂಗಿನ ಸಿಪ್ಪೆ ಚೂರು. ಮೂರನೇ ದಿನ ನೀರು ಹಾಕುವಾಗ ಒಂದು ನೀಲಿಪಟ್ಟೆ ಜೇನು ಅಲ್ಲೇ ಗುಂಯ್ ಅಂತ ಸುತ್ತುತ್ತಿತ್ತು. ಇಳಿಯುತ್ತದೆ, ಸಿಪ್ಪೆ ಕೆದಕುತ್ತದೆ, ಮತ್ತೆ ಏಳುತ್ತದೆ. ಹಿಂಗಾಲಿಗೆಲ್ಲ ಹಳದಿ ಪರಾಗ. ಶೀಟ್ ಎತ್ತಿದರೆ ಪೆನ್ಸಿಲ್ ತೂರುವಷ್ಟು ದೊಡ್ಡ ತೂತುಗಳು, ಆರೇಳು. ಅದರ ಮನೆ ಬಾಗಿಲನ್ನೇ ನಾವು ಮುಚ್ಚಿದ್ದೆವು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಜೇನು ಅಂದರೆ ಎಲ್ಲರಿಗೂ ಮರದ ಹುಟ್ಟೇ ನೆನಪಾಗುತ್ತದೆ. ಆದರೆ ಜೇನಿನ ಜಾತಿಗಳಲ್ಲಿ ಜಾಸ್ತಿ ಪಾಲು ಒಂಟಿಯಾಗಿ ಮಣ್ಣಿನಲ್ಲೇ ಗೂಡು ತೋಡುತ್ತವೆ. ಬದನೆ, ಟೊಮೇಟೊ ಹೂವನ್ನು ಹಿಡಿದು ಅದುರಿಸಿ ಪರಾಗ ಉದುರಿಸುವುದು ಈ ನೀಲಿಪಟ್ಟೆಯವು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಹಾಗೆ ಅದುರಿಸಲು ಬರುವುದಿಲ್ಲ. ಹಾಗಾಗಿ ಬಿಸಿಲು ಬೀಳುವ ಕಡೆ ಎರಡು ಮೂರು ಅಡಿ ಮಣ್ಣು ಬರಿದಾಗಿ ಬಿಡಿ. ನೀರು ನಿಲ್ಲುವ ಕಡೆ ಬೇಡ, ಮಳೆಗಾಲದಲ್ಲಿ ಗೂಡು ಕೊಳೆಯುತ್ತದೆ. ಮಲ್ಚ್ (ಮಣ್ಣಿನ ಮೇಲಿನ ಹೊದಿಕೆ) ಬೇಕೇ ಬೇಕು ಅಂದರೆ ಗಿಡದ ಬುಡಕ್ಕೆ ಮಾತ್ರ, ಒಣ ಎಲೆ ಸಾಕು.

ಗಿಡ ತರುವಾಗ ನರ್ಸರಿಯಲ್ಲಿ ಲಕ್ಕಿ ಅಂದರೆ ಗೊತ್ತಾಗುವುದಿಲ್ಲ, ಮರಾಠಿಯಲ್ಲಿ ನಿರ್ಗುಡಿ ಅನ್ನಿ. ಹೊಂಗೆಗೆ ಕರಂಜ್. ಎಕ್ಕ ಒಂದೆರಡು ಇರಲಿ, ಅದರ ಎಲೆ ತಿಂದೇ ಪ್ಲೇನ್ ಟೈಗರ್ ಚಿಟ್ಟೆಯ ಹುಳು ಬೆಳೆಯುತ್ತದೆ. ಆದರೆ ಮಕ್ಕಳು ಆಡುವ ಕಡೆ ನೆಡಬೇಡಿ, ಹಾಲು ಕಣ್ಣಿಗೆ ಬಿದ್ದರೆ ಕಷ್ಟ. ಚಿಟ್ಟೆ ಬರುತ್ತದೆ ಅಂತ ಲಂಟಾನ ಮಾತ್ರ ತರಬೇಡಿ. ಹಕ್ಕಿ ಹಣ್ಣು ತಿಂದು ಬೀಜ ಟೇಕ್ಡಿಗೆ, ಅಂದರೆ ಪಕ್ಕದ ಗುಡ್ಡಕ್ಕೆ ಒಯ್ಯುತ್ತದೆ, ಅಲ್ಲಿ ಈಗಾಗಲೇ ಸಾಕಷ್ಟಿದೆ.

ಇನ್ನು ಔಷಧಿ. ನಿಮ್ಮ ಪೋಸ್ಟ್ ಕೆಳಗೆ ಯಾರೋ ಕಾನ್ಫಿಡಾರ್ ಅನ್ನೋ ಕೀಟನಾಶಕ ಹೊಡೆಯಿರಿ ಅಂದಿದ್ದಾರೆ. ಏನ್ರೀ ಇದು? ಅದರಲ್ಲಿರುವುದು ಇಮಿಡಾಕ್ಲೋಪ್ರಿಡ್. ಗಿಡದೊಳಗೆ ಸೇರಿ ಹೂವಿನ ಮಕರಂದ, ಪರಾಗಕ್ಕೂ ಬರುತ್ತದೆ. ಜೇನನ್ನು ಕರೆದು ವಿಷ ಬಡಿಸಿದ ಹಾಗೆ ಅಲ್ವಾ? ಎಲೆ ತೂತಾಗಿದ್ದರೆ ಆಗಲಿ ಬಿಡಿ, ನೆಟ್ಟಿದ್ದೇ ತಿನ್ನಲಿ ಅಂತ. ಒಣಗಿದ ನುಗ್ಗೆ ಕೊಂಬೆ ಇದ್ದರೆ ಎಸೆಯದೆ ಮೂಲೆಗೆ ಒರಗಿಸಿಡಿ, ಕರಿ ದುಂಬಿ ಕೊರೆದು ಗೂಡು ಮಾಡುತ್ತದೆ.

ಭಾನುವಾರ ಗುದ್ದಲಿ ಹಾಕುವ ಮುಂಚೆ, ಬಿಸಿಲೇರಿದ ಮೇಲೆ ಗೋಡೆ ಬುಡದಲ್ಲಿ ಹತ್ತು ನಿಮಿಷ ಕೂತು ನೋಡಿ. ತೂತು ಕಂಡರೆ ಸುತ್ತ ನಾಲ್ಕು ಕಲ್ಲಿಟ್ಟು ಗುರುತು ಮಾಡಿ, ಗುಂಡಿ ಆಚೆಗೆ ತೋಡಿ.