ಗ್ಲಾಕ್ 19 ಪಿಸ್ತೂಲಿನ ಟ್ರಿಗರ್ ಬದಲಾಯಿಸಿದರೆ ನಿಜಕ್ಕೂ ಉಪಯೋಗ ಇದೆಯಾ?

ಇದೆ, ಆದ್ರೆ ನೀವು ಅಂದುಕೊಂಡಷ್ಟು ಅಲ್ಲ. ಅಮೆರಿಕದಲ್ಲಿ ಮಾರಿದ ಹಳೆಯ ಗ್ಲಾಕ್ 19ರ ಟ್ರಿಗರ್ ಮೇಲೆ ಗೀರು ಗೀರಾಗಿರುತ್ತದೆ, ನೂರು ಗುಂಡು ಹಾರಿಸುವಷ್ಟರಲ್ಲಿ ಬೆರಳು ಉರಿಯುತ್ತದೆ. ಅದು ಡಿಸೈನ್ ತಪ್ಪಲ್ಲ. ಅಲ್ಲಿನ 1968ರ ಕಾನೂನಿನ ಪ್ರಕಾರ ಆಮದಾಗುವ ಪಿಸ್ತೂಲಿಗೆ ಅನುಮತಿ ಸಿಗಲು ಇಂತಿಷ್ಟು ಅಂಕ ಬೇಕು, ಆ ಗೀರುಗಳಿಂದ ಚಿಕ್ಕ ಪಿಸ್ತೂಲಿಗೆ ಒಂದೆರಡು ಅಂಕ ಜಾಸ್ತಿ ಸಿಗುತ್ತಿತ್ತು, ಅಷ್ಟೇ! ಅದಕ್ಕೇ ಬಹಳ ಜನ ಮೊದಲು ಅದೇ ತಲೆಮಾರಿನ, ಸ್ವಲ್ಪ ದೊಡ್ಡದಾದ ಗ್ಲಾಕ್ 17ರ ನುಣುಪು ಟ್ರಿಗರ್ ಹಾಕಿಸುತ್ತಾರೆ. ಖರ್ಚೂ ಕಡಿಮೆ.

ಎರಡನೆಯದು ಕನೆಕ್ಟರ್, ಅಂದರೆ ಒಳಗಿನ ಒಂದು ಸಣ್ಣ ಬಾಗಿದ ತಗಡು. ಅದರ ಕೋನ ಬದಲಾದರೆ ಸುಮಾರು ಐದೂವರೆ ಪೌಂಡ್ ಇದ್ದ ಟ್ರಿಗರ್ ಎಳೆತ ಒಂದು ಪೌಂಡಿನಷ್ಟು ಹಗುರ ಆಗಬಹುದು.

ಸ್ಟ್ರೈಕರ್ ಸ್ಪ್ರಿಂಗ್, ಅಂದರೆ ಗುಂಡಿನ ಹಿಂಬದಿಗೆ ಬಡಿಯುವ ಮೊಳೆಯನ್ನು ತಳ್ಳುವ ಸ್ಪ್ರಿಂಗ್ ಮಾತ್ರ ಮುಟ್ಟಬೇಡಿ. ಹಗುರದ್ದು ಹಾಕಿದರೆ ಪ್ರೈಮರ್‌ಗೆ (ಗುಂಡಿನ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಭಾಗ) ಪೆಟ್ಟು ಸಾಲದೆ ಗುಂಡು ಹಾರದೇ ಇರಬಹುದು. ಆತ್ಮರಕ್ಷಣೆಗೆ ಇಟ್ಟ ಪಿಸ್ತೂಲಾದರೆ ಕಂಪನಿ ಭಾಗಗಳೇ ಸಾಕು, ಕೆಲಸ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಕೈಲಿ ಮಾಡಿಸಿ. ನನ್ನ ಕೇಳಿದ್ರೆ, ಆ ದುಡ್ಡಲ್ಲಿ ಗುಂಡು ತಗೊಂಡು ಶೂಟಿಂಗ್ ರೇಂಜಿಗೆ ಹೋಗಿ.