ಸವಳು ಹೊಲದ ಕಡಲೆಗೆ ಉಪ್ಪು ತಾಳುವ ಟ್ರೈಕೋಡರ್ಮಾ ಹಾಕಬಹುದಾ?

ರೋಣದ ಹತ್ತಿರ ಎರಿ ಹೊಲ, ಒಂದು ಮೂಲೆ ಸವಳು, ಕಡಲೆ ಸಿಡಿ ರೋಗದಿಂದ ಒಣಗುತ್ತಿದೆ, ಅಂಗಡಿಯವರು "ಉಪ್ಪು ತಾಳುವ ಟ್ರೈಕೋಡರ್ಮಾ" ತಗೊಳ್ಳಿ ಅಂದರು ಅಂತ ಕೇಳಿದ್ದೀರಿ. ನಾನು ನರಗುಂದದ ಕಡೆಯವನು. ಮಲಪ್ರಭಾ ಕಾಲುವೆ ನೀರು ಬಂದ ಮೇಲೆ ನಮ್ಮಲ್ಲೂ ಸವಳು-ಜವಳು ಇದ್ದದ್ದೇ.

ತಗೊಳ್ಳಿ. ಟ್ರೈಕೋಡರ್ಮಾ ಅಂದ್ರೆ ರೋಗದ ಶಿಲೀಂಧ್ರವನ್ನ ಕೊಲ್ಲುವ ಒಳ್ಳೆ ಶಿಲೀಂಧ್ರ. ಆದರೆ ಉಪ್ಪು ತಾಳೋದು ಆ ಶಿಲೀಂಧ್ರ, ನಿಮ್ಮ ಕಡಲೆ ಅಲ್ಲ. ಕಡಲೆಗೆ ಉಪ್ಪು ಅಂದ್ರೆ ಆಗದು.

ಮೊದಲು ರೋಗ ಯಾವುದು ನೋಡಿ. ಬಾಡಿದ ಗಿಡ ಕಿತ್ತು, ಬೇರಿನ ಮೇಲಿನ ಕಾಂಡ ಉದ್ದಕ್ಕೆ ಸೀಳಿ. ಒಳಗೆ ಕಂದು-ಕಪ್ಪು ಗೆರೆ ಕಂಡರೆ ಸಿಡಿ ರೋಗ, ಅಂದರೆ ಫ್ಯುಸೇರಿಯಂ ಅನ್ನೋ ಮಣ್ಣಿನ ಶಿಲೀಂಧ್ರದ ಕೆಲಸ. ಗೆರೆ ಇಲ್ಲ, ಎಲೆ ಅಂಚು ಸುಟ್ಟಂತಿದೆ, ಬುಡದ ಮಣ್ಣಲ್ಲಿ ಬಿಳಿ ಪುಡಿ ಕೂತಿದೆ ಅಂದ್ರೆ ಅದು ಉಪ್ಪಿನ ಕೆಲಸ. ಅದಕ್ಕೆ ಯಾವ ಪ್ಯಾಕೆಟ್ಟೂ ಔಷಧ ಅಲ್ಲ.

ಟ್ರೈಕೋಡರ್ಮಾ ಫ್ಯುಸೇರಿಯಂ ಎಳೆಗೆ ಸುತ್ತಿಕೊಂಡು ಅದರ ಗೋಡೆ ಕರಗಿಸುತ್ತದೆ, ಜಾಗಾನೂ ಬಿಡೋದಿಲ್ಲ. ಉಪ್ಪಿನ ಮಣ್ಣಲ್ಲಿ ಸಾಮಾನ್ಯ ತಳಿ ಮಂಕಾಗುತ್ತದೆ. ತಾಳುವ ತಳಿ ತನ್ನೊಳಗೆ ಗ್ಲಿಸರಾಲ್ ಕೂಡಿಸಿಟ್ಟುಕೊಂಡು ನೀರು ಉಳಿಸಿಕೊಳ್ಳುತ್ತದೆ. ಎಷ್ಟು ಉಪ್ಪಿಗೆ ತಾಳುತ್ತೆ ಅಂತ ಅಂಗಡಿಯವರನ್ನ ಕೇಳಿ. ಉತ್ತರ ಬರದಿದ್ದರೆ ಅದು ಮಾಮೂಲಿ ಪ್ಯಾಕೆಟ್ಟೇ ಅಂದ್ಕೊಳ್ಳಿ.

ಬೀಜೋಪಚಾರಕ್ಕೆ ಕೆಜಿಗೆ 4 ಗ್ರಾಂ, ನೆರಳಲ್ಲಿ ಆರಿಸಿ ಬಿತ್ತಿ. ಹೊಲಕ್ಕೆ ಸುಮ್ನೆ ಎರಚಬೇಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಹಾಕಿ. ನಾನು ಬೇವಿನ ಗಿಡದ ನೆರಳಲ್ಲಿ ಗುಂಪಿ ಹಾಕಿ, ಹಸಿ ಗೋಣಿಚೀಲ ಹೊದಿಸುತ್ತೇನೆ. ಎತ್ತಿ ನೋಡಿದರೆ ಮೊದಲು ಬಿಳಿ ಎಳೆ, ಆಮೇಲೆ ಹಸಿರು ಪುಡಿ. ಹಸಿರು ಬಂದ ಮೇಲೇ ಹೊಲಕ್ಕೆ.

ಒಂದು ವರ್ಷ ನಾನೇ ದಡ್ಡತನ ಮಾಡಿದೆ. ಡಬಲ್ ರಕ್ಷಣೆ ಇರಲಿ ಅಂತ ಕಾರ್ಬೆಂಡಜಿಮ್ ಹಚ್ಚಿದ ಬೀಜಕ್ಕೇ ಟ್ರೈಕೋಡರ್ಮಾ ಬಳಿದೆ. ಶಿಲೀಂಧ್ರನಾಶಕ, ಒಳ್ಳೆ ಶಿಲೀಂಧ್ರ ಅಂತ ಬಿಡುತ್ತಾ? ಅದರ ಹಣ ನೀರಲ್ಲಿ ಹೋಯ್ತು.

ಸಿಡಿ ರೋಗ ತಡೆಯುವ ಜೆಜಿ-11 ತಳಿ ಬಿತ್ತೋದು ಅಗ್ಗದ ವಿಮೆ. ಬೀಜ ತಗೊಳ್ಳುವ ಮೊದಲು ಮಣ್ಣು ಪರೀಕ್ಷೆಗೆ ಕೊಡಿ, ಇಸಿ (ಉಪ್ಪಿನ ಅಳತೆ), ಪಿಎಚ್ (ಹುಳಿ-ಕ್ಷಾರದ ಅಳತೆ) ಎರಡೂ ಬರೆಸಿಕೊಳ್ಳಿ. ಪಿಎಚ್ 8.5 ದಾಟಿದ್ದರೆ ಸಾಮಾನ್ಯವಾಗಿ ಜಿಪ್ಸಂ ಬೇಕು. ಬರೀ ಉಪ್ಪಾದರೆ ನೀರು ಬಸಿದು ಹೋಗೋ ದಾರಿ ಮಾಡಿಕೊಳ್ಳಿ.

ನನ್ನ ಹೊಲದ ಸವಳು ಮೂಲೆಗೆ ನಾನೀಗ ಕುಸುಬಿ ಬಿತ್ತುತ್ತೇನೆ. ಮುಳ್ಳು ಚುಚ್ಚುತ್ತದೆ, ಕೊಯ್ಯೋಕೆ ಆಳು ಬರೋದಿಲ್ಲ, ಆದರೂ ಬೆಳೆ ಕೈಗೆ ಸಿಗ್ತಿದೆ.